ಮಟ್ಟೆಯ ರಕ್ಷಣೆ ಬೇರೆ, ಸೆನ್ಸರಿನ ರಕ್ಷಣೆ ಬೇರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಬೀಳುವ ವಸ್ತುವನ್ನು ಕಾಪಾಡುವುದೆಂದರೆ ಮೊದಲು ನೆನಪಾಗುವುದು ಮಟ್ಟೆ. 15 ಮೀಟರ್ ಎತ್ತರದಿಂದ ಕಳಚಿದ ಬಲಿತ ಕಾಯಿ ಸುಮಾರು ಒಂದೂಮುಕ್ಕಾಲು ಸೆಕೆಂಡಿನಲ್ಲಿ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ 60 ಕಿಲೋಮೀಟರಿನಷ್ಟು ವೇಗ ಪಡೆದಿರುತ್ತದೆ. ಆದರೂ ನಾರಿನ ಪದರ ತಾನು ಕುಗ್ಗಿ, ಆ ವೇಗ ಸೊನ್ನೆಗಿಳಿಯುವ ಅವಧಿಯನ್ನು ಹಿಗ್ಗಿಸಿ, ಚಿಪ್ಪಿಗೆ ತಾಗುವ ಬಲವನ್ನು ತಗ್ಗಿಸುವುದರಿಂದ, ಕಾಯಿ ಸಾಮಾನ್ಯವಾಗಿ ಒಡೆಯದೆ ಉಳಿದು ಉಂಡೆ ಕೊಬ್ಬರಿಯಾಗಲು ಅಟ್ಟ ಸೇರುತ್ತದೆ. ಲ್ಯಾಪ್‌ಟಾಪಿನೊಳಗಿನ ಚಲನೆಯ ಸೆನ್ಸರ್ ಕೂಡ ಇಂಥದೇ ಒಂದು ಕವಚ, ಅದಿದ್ದರೆ ಯಂತ್ರ ಕೈತಪ್ಪಿ ಬಿದ್ದರೂ ಚಿಂತೆಯಿಲ್ಲ ಎಂದು ತಿಳಿಯುವುದು ಸಹಜ, ಆದರೆ ತಪ್ಪು. ಸೆನ್ಸರ್ ಪೆಟ್ಟನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಪರದೆ ಸೀಳಬಹುದು, ಕೀಲು ಮುರಿಯಬಹುದು. ಅದು ಕಾಯುವುದು ಹಾರ್ಡ್ ಡಿಸ್ಕನ್ನು ಮಾತ್ರ, ಅದೂ ನೆಲ ತಾಗುವ ಮೊದಲಿನ ಕ್ಷಣದಲ್ಲಿ.

ಹಾರ್ಡ್ ಡಿಸ್ಕ್ ಎಂದರೆ ಕಾಂತೀಯ ಲೇಪನವಿರುವ, ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆ. ಮಾಹಿತಿಯನ್ನು ಓದಿ ಬರೆಯುವ ‘ಹೆಡ್’ ಎಂಬ ಸೂಕ್ಷ್ಮ ಭಾಗ ಆ ತಟ್ಟೆಯನ್ನು ಮುಟ್ಟದೆ, ತಿರುಗುವಿಕೆಯಿಂದ ಹುಟ್ಟುವ ಗಾಳಿಯ ತೆಳುಪೊರೆಯ ಮೇಲೆ, ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಈ ಸ್ಥಿತಿಯಲ್ಲಿ ಪೆಟ್ಟು ಬಿದ್ದರೆ ಹೆಡ್ ತಟ್ಟೆಗೆ ಬಡಿದು ಲೇಪನವನ್ನು ಗೀರುತ್ತದೆ, ಗೀರಿದೆಡೆಯ ಮಾಹಿತಿ ಮರಳಿ ಸಿಗುವುದಿಲ್ಲ. ಹೆಡ್ಡನ್ನು ತಟ್ಟೆಯಿಂದ ಆಚೆಗೆ, ಬದಿಯ ಇಳಿಜಾರು ಆಸರೆಯ ಮೇಲೆ ಮೊದಲೇ ನಿಲ್ಲಿಸಿದ್ದರೆ ಅದೇ ಡಿಸ್ಕ್ ಹಲವು ಪಟ್ಟು ಹೆಚ್ಚಿನ ಆಘಾತವನ್ನು ತಾಳಬಲ್ಲದು. ಸೆನ್ಸರಿನ ಸೂಚನೆಯಿಂದ ಆಗುವ ಕೆಲಸ ಇಷ್ಟೇ.

ನೆಲಕ್ಕೆ ಬಡಿದಾಗಲೇ ಸೆನ್ಸರಿಗೆ ಅಪಾಯ ತಿಳಿಯುತ್ತದೆ ಎಂಬ ಗ್ರಹಿಕೆಯೂ ಸರಿಯಲ್ಲ, ಏಕೆಂದರೆ ಆಗ ತಿಳಿದು ಪ್ರಯೋಜನವಿಲ್ಲ. ವೇಗೋತ್ಕರ್ಷಮಾಪಕ ಎನ್ನಲಾಗುವ ಈ ಸಾಧನದಲ್ಲಿ ಸಿಲಿಕಾನಿನಿಂದ ಕೊರೆದ ಕಣ್ಣಿಗೆ ಕಾಣದಷ್ಟು ಸಣ್ಣ ತೂಕವೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳಿಗೆ ಜೋತುಬಿದ್ದಿರುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲೆ ಸ್ಥಿರವಾಗಿರುವಾಗ ಗುರುತ್ವದಿಂದ ಆ ತೂಕ ತುಸು ಜಗ್ಗಿ, ಸಾಧನ 1 ಜಿ, ಅಂದರೆ ಭೂಗುರುತ್ವದಷ್ಟು, ಎಂದು ತೋರಿಸುತ್ತದೆ. ಯಂತ್ರ ಬೀಳತೊಡಗಿದರೆ ಚೌಕಟ್ಟೂ ತೂಕವೂ ಒಂದೇ ಬಗೆಯಲ್ಲಿ ಬೀಳುವುದರಿಂದ ಜಗ್ಗುವಿಕೆ ಮಾಯವಾಗಿ ಓದಿಕೆ ಸೊನ್ನೆಯ ಸಮೀಪಕ್ಕೆ ಬರುತ್ತದೆ. ಬೀಳುವಾಗ ಅಳತೆ ಏರಬೇಕೆಂದು ತೋರುವಲ್ಲಿ ಅದು ಇಳಿಯುವುದೇ ಈ ಉಪಾಯದ ಜೀವಾಳ. 2003ರಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡ್‌ಗಳಲ್ಲಿಯೂ, 2005ರಲ್ಲಿ ಆ್ಯಪಲ್ ತನ್ನ ಪವರ್‌ಬುಕ್‌ಗಳಲ್ಲಿಯೂ ಈ ಬಗೆಯ ವ್ಯವಸ್ಥೆಯನ್ನು ಅಳವಡಿಸಿದವು.

ಕಡಿಮೆ ಎತ್ತರದಿಂದ ಬಿದ್ದರೆ ಅಪಾಯವೂ ಕಡಿಮೆ ಎಂಬ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ. 75 ಸೆಂಟಿಮೀಟರ್ ಎತ್ತರದ ಮೇಜಿನಿಂದ ಜಾರಿದ ಯಂತ್ರಕ್ಕೆ ನೆಲ ಸೇರಲು ಸುಮಾರು 0.39 ಸೆಕೆಂಡ್ ಬೇಕು, ಅಷ್ಟರಲ್ಲಿ ಬೀಳುವಿಕೆಯನ್ನು ಗುರುತಿಸಿ ಹೆಡ್ಡನ್ನು ಸರಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ. 5 ಸೆಂಟಿಮೀಟರಿನಿಂದ ಮೇಜಿನ ಮೇಲೆ ಧೊಪ್ಪನೆ ಇಟ್ಟರೆ ಸಿಗುವುದು 0.1 ಸೆಕೆಂಡ್ ಮಾತ್ರ. ಒಂದು ಅಂಚು ಊರಿಕೊಂಡು ಇನ್ನೊಂದು ಮಗುಚಿದರೆ ಅದು ಪೂರ್ಣ ಪತನವೇ ಅಲ್ಲವಾದ್ದರಿಂದ ಸೆನ್ಸರಿನ ಓದಿಕೆ ಸೊನ್ನೆಗೆ ಇಳಿಯದಿರಲೂಬಹುದು. ಚಾಲೂ ಇರುವ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ತುರುವೇಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ಈ ಸಣ್ಣ ಪೆಟ್ಟುಗಳೇ ಹೆಚ್ಚು ಎದುರಾಗುತ್ತವೆ. ಪೂರ್ತಿ ಆರಿಸಿದ ಯಂತ್ರದಲ್ಲಿ ಹೆಡ್ ಆಗಲೇ ಬದಿಗೆ ಸರಿದಿರುವುದರಿಂದ ಸೆನ್ಸರಿಗೆ ಅಲ್ಲಿ ಕೆಲಸವೇ ಇರುವುದಿಲ್ಲ. ಪ್ರಯಾಣಕ್ಕೆ ಮುನ್ನ ಆರಿಸುವುದು ಯಾವ ಸೆನ್ಸರಿಗಿಂತಲೂ ಖಚಿತವಾದ ಕ್ರಮ. ಕೊಬ್ಬರಿ ವಹಿವಾಟಿನ ಲೆಕ್ಕವಾಗಲಿ ವಿದ್ಯಾರ್ಥಿಯ ಪ್ರಬಂಧವಾಗಲಿ ಅಂಥ ಡಿಸ್ಕಿನಲ್ಲಿ ಮಾತ್ರ ಇದ್ದರೆ, ಅದರ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.

ಹೊಸ ಲ್ಯಾಪ್‌ಟಾಪಿನಲ್ಲಿ ಈ ವ್ಯವಸ್ಥೆ ಇಲ್ಲವೆಂದು ಅದನ್ನು ಕಳಪೆ ಎನ್ನುವುದೂ ಸಲ್ಲದು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಎಸ್‌ಎಸ್‌ಡಿಯಲ್ಲಿ ಮಾಹಿತಿ ವಿದ್ಯುದಾವೇಶದ ರೂಪದಲ್ಲಿ ಚಿಪ್‌ಗಳಲ್ಲಿ ಉಳಿಯುತ್ತದೆ, ತಿರುಗುವ ತಟ್ಟೆಯೂ ತೇಲುವ ಹೆಡ್ಡೂ ಅದರಲ್ಲಿ ಇಲ್ಲವಾದ್ದರಿಂದ ಬೀಳುವ ಕ್ಷಣದಲ್ಲಿ ಪಕ್ಕಕ್ಕೆ ಸರಿಸಬೇಕಾದ ಭಾಗವೂ ಇಲ್ಲ.