ಒಬ್ಬ ಗುಮಾಸ್ತ ವಾಪಸ್ ಹೋಗಿದ್ದಿದ್ರೆ...

ನಮ್ಮ ಇರ್ವಿಂಗ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ 1961ರಿಂದ 'ಸಿಕ್ಸ್ ಫ್ಲ್ಯಾಗ್ಸ್ ಓವರ್ ಟೆಕ್ಸಾಸ್' ಅನ್ನೋ ಥೀಮ್ ಪಾರ್ಕ್ ಇದೆ. ರೋಲರ್ ಕೋಸ್ಟರ್ ಹತ್ತಿ ಕಿರುಚಿ ಬರೋರು ಬಹಳ, ಆ ಆರು ಬಾವುಟ ಯಾವ್ಯಾವುದು ಅಂತ ಕೇಳೋರು ಕಡಿಮೆ. ಸ್ಪೇನ್, ಫ್ರಾನ್ಸ್, ಮೆಕ್ಸಿಕೋ, ಸ್ವತಂತ್ರ ಟೆಕ್ಸಾಸ್ ಗಣರಾಜ್ಯ, ಕಾನ್ಫೆಡರಸಿ, ಕೊನೆಗೆ ಈಗಿನ ಅಮೆರಿಕ. ಒಂದೇ ನೆಲ, ಆರು ಯಜಮಾನರು. ಮೂರನೆಯ ಬಾವುಟ ಹೋಗಿ ಕೊನೆಯದು ಬಂದದ್ದನ್ನ ಖಾಯಂ ಮಾಡಿದ್ದು 1846ರಿಂದ 48ರವರೆಗೆ ನಡೆದ ಮೆಕ್ಸಿಕೋ ಯುದ್ಧ.

ಕಥೆ ಚಿಕ್ಕದಾಗಿ ಹೀಗೆ. 1836ರಲ್ಲಿ ಮೆಕ್ಸಿಕೋದಿಂದ ಬೇರೆಯಾದ ಟೆಕ್ಸಾಸನ್ನು 1845ರಲ್ಲಿ ಅಮೆರಿಕ ಸೇರಿಸಿಕೊಂಡಿತು. ಗಡಿ ನ್ಯೂಸೆಸ್ ನದಿ ಅಂತ ಮೆಕ್ಸಿಕೋ, ಅಲ್ಲ, ಇನ್ನೂ ದಕ್ಷಿಣದ ರಿಯೋ ಗ್ರಾಂಡ್ ಅಂತ ಅಮೆರಿಕ. ಅಧ್ಯಕ್ಷ ಜೇಮ್ಸ್ ಪೋಕ್ ಆ ತಕರಾರಿನ ಜಾಗಕ್ಕೇ ಸೈನ್ಯ ಕಳಿಸಿದ. 1846ರ ಏಪ್ರಿಲ್ 25ಕ್ಕೆ ಅಲ್ಲಿ ಗುಂಡು ಹಾರಿತು. ಅಮೆರಿಕದ ನೆಲದ ಮೇಲೆ ರಕ್ತ ಬಿತ್ತು ಅಂತ ಪೋಕ್ ಯುದ್ಧ ಕೇಳಿದ. ಯಾವ ಜಾಗ, ಸರಿಯಾಗಿ ತೋರಿಸಿ ಅಂತ ಮರುವರ್ಷ ಸಂಸತ್ತಿನಲ್ಲಿ ಪಟ್ಟು ಹಿಡಿದವನು ಇಲಿನಾಯ್‌ನ ಹೊಸ ಸದಸ್ಯ, ಅಬ್ರಹಾಂ ಲಿಂಕನ್.

'ಹೀಗಾಗದೆ ಇದ್ದಿದ್ರೆ?' ಅನ್ನೋ ಆಟ ಆಡೋರಿಗೆ ಈ ಯುದ್ಧ ಬಲು ಇಷ್ಟ. ಕ್ಯಾಲಿಫೋರ್ನಿಯಾ ಮೆಕ್ಸಿಕೋದಲ್ಲೇ ಉಳಿದಿದ್ರೆ, ಸ್ಯಾನ್ ಹೋಸೆಯ ಕೆಲಸಕ್ಕೆ ನಮ್ಮ ಹುಡುಗರು ಮೆಕ್ಸಿಕೋ ವೀಸಾಕ್ಕೆ ಕ್ಯೂ ನಿಲ್ತಿದ್ರು, ಜಾವಾ ಜೊತೆಗೆ ಸ್ಪ್ಯಾನಿಷ್ ಕ್ಲಾಸಿಗೂ ಫೀಸು ಕಟ್ತಿದ್ರು. ನಗು ಬಂತಲ್ವಾ? ಆದರೆ ಈ ಆಟಕ್ಕೆ ಒಂದು ನಿಯಮ ಬೇಕು. ಇಡೀ ಚರಿತ್ರೆ ಅಲ್ಲಾಡಿಸಬಾರದು, ನಿಜವಾಗಿಯೂ ಬೇರೆ ಥರ ಆಗಬಹುದಾಗಿದ್ದ ಒಂದೇ ಒಂದು ಕಡ್ಡಿ ಎಳೀಬೇಕು.

ಅಂಥ ಕಡ್ಡಿಯೊಂದಿದೆ. ಹೆಸರು ನಿಕೋಲಸ್ ಟ್ರಿಸ್ಟ್. ವಿದೇಶಾಂಗ ಇಲಾಖೆಯ ಹಿರಿಯ ಗುಮಾಸ್ತ, ಥಾಮಸ್ ಜೆಫರ್ಸನ್‌ನ ಮೊಮ್ಮಗಳ ಗಂಡ. ಸಂಧಾನಕ್ಕೆ ಅಂತ ಪೋಕ್ ಅವನನ್ನು ಮೆಕ್ಸಿಕೋಗೆ ಕಳಿಸಿದ್ದ. 1847ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ನಗರವೇ ಅಮೆರಿಕನ್ನರ ಕೈಗೆ ಬಂದಾಗ ಪೂರ್ತಿ ಮೆಕ್ಸಿಕೋ ನುಂಗಿಬಿಡೋಣ ಅನ್ನೋರ ದನಿ ಜೋರಾಯಿತು. ಪೋಕ್ ಟ್ರಿಸ್ಟ್‌ಗೆ ವಾಪಸ್ ಬಾ ಅಂತ ಆಜ್ಞೆ ಕಳಿಸಿದ. ನವೆಂಬರಿನಲ್ಲಿ ಪತ್ರ ಕೈಸೇರಿತು. ಟ್ರಿಸ್ಟ್ ಹೋಗಲಿಲ್ಲ! ಹೋಗೋದಿಲ್ಲ ಯಾಕೆ ಅಂತ ಅರವತ್ತಕ್ಕೂ ಹೆಚ್ಚು ಪುಟದ ಉತ್ತರ ಬರೆದು, 1848ರ ಫೆಬ್ರವರಿ 2ರಂದು ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದಕ್ಕೆ ಸಹಿ ಹಾಕಿಸಿಯೇ ಬಿಟ್ಟ. ಟೆಕ್ಸಾಸನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೆಕ್ಸಿಕೋ ಅರ್ಧಕ್ಕಿಂತ ಹೆಚ್ಚು ನೆಲ ಕಳಕೊಂಡಿತು, ಕೈಗೆ ಬಂದದ್ದು 1.5 ಕೋಟಿ ಡಾಲರ್. ಬೈಕೊಂಡೇ ಪೋಕ್ ಅದನ್ನು ಸೆನೆಟ್ಟಿಗೆ ಕಳಿಸಿದ, 38-14ರಲ್ಲಿ ಪಾಸಾಯಿತು. ಟ್ರಿಸ್ಟ್ ಕೆಲಸ ಕಳಕೊಂಡ. ಬಾಕಿ ಸಂಬಳ ಸಿಕ್ಕಿದ್ದು 1871ರಲ್ಲಿ.

ಇನ್ನೊಂದು ವಿಷಯ ಕೇಳಿ. ಸಹಿಗೆ ಒಂಬತ್ತು ದಿನ ಮೊದಲು, ಜನವರಿ 24ರಂದು, ಕ್ಯಾಲಿಫೋರ್ನಿಯಾದ ಸಟರ್ಸ್ ಮಿಲ್‌ನಲ್ಲಿ ಚಿನ್ನ ಸಿಕ್ಕಿತ್ತು. ಸಹಿ ಹಾಕಿದ ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ. ಟ್ರಿಸ್ಟ್ ಹೇಳಿದ ಮಾತು ಕೇಳಿ ಗಂಟುಮೂಟೆ ಕಟ್ಟಿದ್ದಿದ್ರೆ, ಮುಂದಿನ ಮಾತುಕತೆ ಹೊತ್ತಿಗೆ ಸುದ್ದಿ ಮುಟ್ಟಿರೋದು. ಆಗ ಆ ಬೆಲೆಗೆ ಯಾರು ಮಾರ್ತಿದ್ರು? ಅಷ್ಟಕ್ಕೇ ಯಾರು ನಿಲ್ತಿದ್ರು?

ಈಗ ಅದೇ ಕಡ್ಡಿಯ ಇನ್ನೊಂದು ತುದಿ. ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ರದ್ದು ಮಾಡಿತ್ತು. ಗೆದ್ದ ಹೊಸ ನೆಲದಲ್ಲಿ ಅದು ಇರಬೇಕೋ ಬೇಡವೋ ಅನ್ನೋ ಜಗಳ ಹದಿಮೂರು ವರ್ಷ ಬೆಳೆದು 1861ರ ಅಂತರ್ಯುದ್ಧ ಆಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ. ಆಗ ಅವರ ಕಣ್ಣು ಬಿದ್ದ ಕಡೆಗಳಲ್ಲೊಂದು ನಮ್ಮ ಧಾರವಾಡ! ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೀತಿತ್ತು, ಅದರ ಹೆಸರೇ 'ಧಾರವಾಡ ಅಮೆರಿಕನ್'. ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿದ್ದ ಹತ್ತಿಗೆ ಕಾರವಾರದಲ್ಲಿ ದೊಡ್ಡ ಬಂದರು ಬೇಕು ಅಂತ ವ್ಯಾಪಾರಿಗಳು ಮೊದಲಿಂದಲೂ ಒತ್ತಾಯಿಸ್ತಿದ್ರು. ಈ ಬರಗಾಲ ಅದಕ್ಕೆ ಆತುರ ತಂತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಬಾಂಬೆಗೆ ಸೇರಿಸಿದರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳೀತು. ಕನ್ನಡದ ಒಂದೇ ಕರಾವಳಿ 1956ರವರೆಗೆ ಎರಡು ಆಡಳಿತದ ಪಾಲು.

ರಿಯೋ ಗ್ರಾಂಡ್ ದಂಡೆಯಲ್ಲಿ ಗುಂಡು ಹಾರದಿದ್ರೆ ಕರಾವಳಿ ಒಂದಾಗೇ ಇರ್ತಿತ್ತು ಅಂತ ನಾನು ಹೇಳೋದಿಲ್ಲ. ಗುಲಾಮಗಿರಿಯ ಜಗಳ ಇನ್ನೊಂದು ನೆಪ ಹುಡುಕಿಕೊಳ್ತಿತ್ತು. ಆದರೆ ಅಂತರ್ಯುದ್ಧ ಹತ್ತು ವರ್ಷ ತಡವಾಗಿದ್ದಿದ್ರೆ, ಕಾರವಾರದ ಬಗ್ಗೆ ಅಷ್ಟು ಅವಸರ ಇರ್ತಿರಲಿಲ್ಲವೇನೋ. ದೂರದೂರಿನ ಗೆರೆಗಳು ಹೀಗೆ ನಮ್ಮ ಮನೆ ಬಾಗಿಲಿಗೂ ಬರ್ತವೆ.

ಗೆರೆ ಬಿದ್ದ ಮೇಲೆ ಜನ ಏನಾದ್ರು? ಹೊಸ ಗಡಿಯ ಈಚೆ ಉಳಿದ ಮೆಕ್ಸಿಕನ್ನರಿಗೆ ಒಪ್ಪಂದದಲ್ಲಿ ಒಂದು ವರ್ಷ ಟೈಮು ಕೊಟ್ಟಿದ್ದರು: ಯಾವ ದೇಶದವರು ಅಂತ ಆರಿಸಿಕೊಳ್ಳಿ, ಸುಮ್ಮನಿದ್ದರೆ ಅಮೆರಿಕನ್ನರು. ಹಳೆಯ ಭೂದಾನಗಳಿಗೆ ಭರವಸೆ ಕೊಟ್ಟಿದ್ದ ಹತ್ತನೇ ಕಲಮನ್ನು ಸೆನೆಟ್ ಹೊಡೆದುಹಾಕಿತು. ಪೌರತ್ವ ಸಿಕ್ಕಿದರೂ ಎಷ್ಟೋ ಮಂದಿ ಕೋರ್ಟು ಕಚೇರಿ ಅಲೆದು ಜಮೀನು ಕಳಕೊಂಡರು. ನಮ್ಮ ಕಡೆ 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು. ಮನೆ ಅಲ್ಲೇ, ಬಾವಿ ಅಲ್ಲೇ, ಅಂಗಳದ ತುಳಸಿಕಟ್ಟೆಯೂ ಅಲ್ಲೇ. ಆಫೀಸಿನ ಅರ್ಜಿಯ ಭಾಷೆ ಮಾತ್ರ ಬೇರೆ.

ಅಂಗಡಿ ಸಾಲಿನಲ್ಲಿ ಸ್ಪ್ಯಾನಿಷ್ ಕಿವಿಗೆ ಬಿದ್ದಾಗ 'ಇವರೆಲ್ಲ ಎಲ್ಲಿಂದ ಬಂದೋರೋ' ಅಂತ ನಮ್ಮವರೇ ಗೊಣಗೋದನ್ನ ನೀವೂ ಕೇಳಿರ್ತೀರಿ. ಬಂದೋರು ಇದ್ದಾರೆ, ನಿಜ, ನಮ್ಮ ಹಾಗೇ. ಆದರೆ ಟೆಕ್ಸಾಸ್‌ನ ಕೆಲವು ಸ್ಪ್ಯಾನಿಷ್ ಮನೆತನಗಳು ಎಲ್ಲಿಂದಲೂ ಬಂದಿಲ್ಲ. ಗಡಿಯೇ ಅವರನ್ನ ದಾಟಿ ದಕ್ಷಿಣಕ್ಕೆ ಹೋಗಿದೆ. ಕಾಸರಗೋಡಿನ ನೆಂಟರಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಏನಂತೀರಿ?