ವೈದ್ಯ ವಿದ್ಯಾರ್ಥಿಗಳಿಗೆ ಮಾದಕವಸ್ತು ಪರೀಕ್ಷೆ: ಶಂಕೆಯೋ, ರಕ್ಷೆಯೋ?

ರೋಗಿಯು ತನ್ನ ದೇಹವನ್ನು ವೈದ್ಯನ ಕೈಗೆ ಒಪ್ಪಿಸುವಾಗ ಆ ಕೈ ಸ್ಥಿರವಾಗಿದೆಯೆ, ಆ ಬುದ್ಧಿ ತಿಳಿಯಾಗಿದೆಯೆ ಎಂದು ಪರೀಕ್ಷಿಸಿ ನೋಡಲಾರನು. ನಂಬುವುದೊಂದೇ ಅವನಿಗುಳಿದ ದಾರಿ. ಆ ನಂಬಿಕೆಗೆ ಚ್ಯುತಿ ಬಾರದಂತೆ ಕಾಯುವ ಹೊಣೆ ಆಸ್ಪತ್ರೆಗಳದು ಹಾಗೂ ವೈದ್ಯರನ್ನು ಸಿದ್ಧಪಡಿಸುವ ವಿದ್ಯಾಲಯಗಳದು. ಈ ಹೊಣೆಯನ್ನು ಮುಂದಿಟ್ಟುಕೊಂಡು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಮಾದಕವಸ್ತು ಪರೀಕ್ಷೆಗೆ ಒಳಪಡಿಸುವ ಪದ್ಧತಿ ಬೆಳೆದುಬಂದಿದೆ. ಮಕ್ಕಳನ್ನು ವೈದ್ಯರನ್ನಾಗಿ ಮಾಡುವ ಹಂಬಲವುಳ್ಳ ಮನೆತನಗಳು ಇದರ ಗುಣದೋಷಗಳನ್ನು ಅರಿತಿರುವುದು ಉಚಿತ.

ಅಲ್ಲಿನ ವೈದ್ಯ ವ್ಯಾಸಂಗ ಸಾಮಾನ್ಯವಾಗಿ ನಾಲ್ಕು ವರ್ಷಗಳದು. ಕೊನೆಯ ಎರಡು ವರ್ಷಗಳ ಬಹುಭಾಗವನ್ನು ವಿದ್ಯಾರ್ಥಿಗಳು ಶಸ್ತ್ರಚಿಕಿತ್ಸೆ, ಪ್ರಸೂತಿ, ಮಕ್ಕಳ ರೋಗ ಮೊದಲಾದ ವಿಭಾಗಗಳಲ್ಲಿ ಸರದಿಯಂತೆ ಕಳೆಯುತ್ತಾರೆ. ಮೂತ್ರಪರೀಕ್ಷೆಯಲ್ಲಿ ತೇರ್ಗಡೆಯಾಗದವರನ್ನು ಅನೇಕ ಆಸ್ಪತ್ರೆಗಳು ವಾರ್ಡಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಕರ್ನಾಟಕದ ಕಾಲೇಜುಗಳಿಂದ ಕೆಲವು ವಾರಗಳ ತರಬೇತಿಗೆಂದು ಅಲ್ಲಿಗೆ ತೆರಳುವ ನಮ್ಮ ವಿದ್ಯಾರ್ಥಿಗಳೂ ಹಲವೆಡೆ ಈ ಪರೀಕ್ಷೆಯನ್ನು ದಾಟಿಯೇ ಹೋಗಬೇಕು. ದಿನ ಮೊದಲೇ ಗೊತ್ತಿರುವ ಪರೀಕ್ಷೆ ಒಂದು ಬಗೆ. ಚೀಟಿ ಎತ್ತಿದಂತೆ ಹೆಸರುಗಳನ್ನಾರಿಸಿ ಮುನ್ಸೂಚನೆಯಿಲ್ಲದೆ ಕರೆಯುವುದು ಇನ್ನೊಂದು ಬಗೆ. ದಿನ ತಿಳಿದಿದ್ದರೆ ಕೆಲಕಾಲ ಬಿಗಿಹಿಡಿದು ಪಾರಾಗಬಹುದಾದ ಕಾರಣ, ಎರಡನೆಯದೇ ಸರಿಯೆಂದು ವಾದಿಸುವವರಿದ್ದಾರೆ.

ವಿದ್ಯಾವಂತರಾದ ವೈದ್ಯರು ವ್ಯಸನಕ್ಕೆ ಬೀಳುವರೆ ಎಂದು ಯಾರಾದರೂ ಕೇಳಬಹುದು. ಅಮೆರಿಕದಲ್ಲಿ ಶಸ್ತ್ರವೈದ್ಯರ ತರಬೇತಿಗೆ ವ್ಯವಸ್ಥಿತ ರೂಪ ಕೊಟ್ಟ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ (1852-1922) ಅವರು 1884ರಲ್ಲಿ ಕೊಕೇನನ್ನು ಅರಿವಳಿಕೆಯಾಗಿ ಬಳಸುವ ಪ್ರಯೋಗಗಳನ್ನು ತಮ್ಮ ಮೇಲೆಯೇ ನಡೆಸುತ್ತ ಅದಕ್ಕೆ ದಾಸರಾದರು; ಮುಂದೆ ಮಾರ್ಫಿನ್ನಿಗೂ ಒಳಗಾದರು. ಪ್ರತಿಭೆಯಾಗಲಿ ಕೀರ್ತಿಯಾಗಲಿ ಅವರಿಗೆ ರಕ್ಷಾಕವಚವಾಗಲಿಲ್ಲ. ಔಷಧಿಯ ಬೀರು ಕೈಗೆಟುಕುವಂತಿರುವುದೂ ನಿದ್ರೆಗೆಟ್ಟ ದುಡಿಮೆಯೂ ಇಂದಿಗೂ ಈ ವೃತ್ತಿಯ ಅಪಾಯಗಳೇ ಆಗಿವೆ.

ಇದರಿಂದ ರೋಗಿಗಳಿಗೊದಗುವ ಕೇಡಿಗೆ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದಲ್ಲಿ 2012ರಲ್ಲಿ ಬಯಲಾದ ಪ್ರಕರಣವೇ ಸಾಕ್ಷಿ. ಆಸ್ಪತ್ರೆಯ ತಂತ್ರಜ್ಞನೊಬ್ಬನು ರೋಗಿಗಳಿಗೆಂದು ತುಂಬಿಟ್ಟ ಫೆಂಟನಿಲ್ ಸಿರಿಂಜುಗಳನ್ನು ಕದ್ದು ತಾನು ಚುಚ್ಚಿಕೊಂಡು, ಬಳಸಿದ ಸಿರಿಂಜುಗಳಲ್ಲಿ ಉಪ್ಪುನೀರು ತುಂಬಿ ಹಿಂದಿಡುತ್ತಿದ್ದನು. ಹಲವು ಸಂಸ್ಥಾನಗಳಲ್ಲಿ 40ಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಸಿ ಅಂಟಿತು. 2013ರಲ್ಲಿ ಅವನಿಗೆ 39 ವರ್ಷಗಳ ಸೆರೆವಾಸ ವಿಧಿಸಲಾಯಿತು. ಇದಕ್ಕೆ ಮುನ್ನ ಬೇರೆ ಆಸ್ಪತ್ರೆಗಳು ಅವನನ್ನು ಕೆಲಸದಿಂದ ತೆಗೆದಿದ್ದವು. ಆದರೂ ಅವನು ಊರಿಂದೂರಿಗೆ ಹೋಗಿ ಮತ್ತೆ ಕೆಲಸ ಹಿಡಿದನು. ಪತ್ತೆಹಚ್ಚಿ ಹೊರದಬ್ಬಿದ ಮಾತ್ರಕ್ಕೆ ರೋಗಿಯ ರಕ್ಷಣೆ ಪೂರ್ಣವಾಗದು.

ಇನ್ನು ನ್ಯಾಯದ ಪ್ರಶ್ನೆ. ಸರ್ಕಾರಿ ಸಂಸ್ಥೆ ಬಲವಂತದಿಂದ ನಡೆಸುವ ಮೂತ್ರಪರೀಕ್ಷೆಯೂ ಒಂದು ಶೋಧನೆಯೇ ಎಂದು 1989ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಜನರ ಸುರಕ್ಷತೆಯ ಕಾರಣದಿಂದ ರೈಲ್ವೆ ನೌಕರರ ಪರೀಕ್ಷೆಯನ್ನು ಎತ್ತಿಹಿಡಿಯಿತು. ಮಿಸ್ಸೂರಿಯ ತಾಂತ್ರಿಕ ಕಾಲೇಜೊಂದು 2011ರಲ್ಲಿ ಹೊಸ ವಿದ್ಯಾರ್ಥಿಗಳೆಲ್ಲರಿಗೂ ಪರೀಕ್ಷೆ ಕಡ್ಡಾಯಗೊಳಿಸಿದಾಗ, ಅಪಾಯಕರ ಕೆಲಸದ ತರಗತಿಗಳನ್ನುಳಿದು ಮಿಕ್ಕವರಿಗೆ ಅದು ಸಲ್ಲದೆಂದು ಮೇಲ್ಮನವಿ ನ್ಯಾಯಾಲಯ 2016ರಲ್ಲಿ ತೀರ್ಪಿತ್ತಿತು. ಪರರ ಪ್ರಾಣ ಎಲ್ಲಿ ಕೈಯಲ್ಲಿದೆಯೋ ಅಲ್ಲಿ ಮಾತ್ರ ಇಂಥ ಶೋಧನೆಗೆ ನೆಲೆಯುಂಟು ಎಂಬುದು ಇದರ ಸಾರ. ವಾರ್ಡಿನಲ್ಲಿ ನಿಲ್ಲುವ ವಿದ್ಯಾರ್ಥಿಗೆ ಈ ತರ್ಕ ಹೊಂದುತ್ತದೆ. ಆದರೂ ಅವನು ಹಿರಿಯರ ಕಣ್ಗಾವಲಿನಲ್ಲಿ ಕಲಿಯುವವನೇ ಹೊರತು ಸ್ವತಂತ್ರ ವೈದ್ಯನಲ್ಲವೆಂಬುದನ್ನೂ ಮರೆಯಲಾಗದು.

ಪರೀಕ್ಷೆಯೂ ದೋಷರಹಿತವೇನಲ್ಲ. ನಮ್ಮ ಅಡುಗೆಮನೆಯ ಗಸಗಸೆಯನ್ನೇ ನೋಡಿ. ಪಾಯಸ ಉಂಡವನ ಮೂತ್ರದಲ್ಲಿಯೂ ಮಾರ್ಫಿನ್ ಅಂಶ ತೋರಬಹುದು. ಇಂಥ ನಿರಪರಾಧಿಗಳು ಸಿಲುಕದಿರಲೆಂದು ಅಮೆರಿಕ ಸರ್ಕಾರ 1998ರಲ್ಲಿ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2000ಕ್ಕೆ ಏರಿಸಿತು. ಇನ್ನೊಂದು ಕಡೆ, ಸಾಮಾನ್ಯ ಅಫೀಮು ಪರೀಕ್ಷೆ ಫೆಂಟನಿಲ್ಲನ್ನು ಹಿಡಿಯಲಾರದು. ಮದ್ಯ ಕೆಲವು ತಾಸುಗಳಲ್ಲಿ ಕರಗಿಹೋಗುತ್ತದೆ. ಗಾಂಜಾದ ಕುರುಹಾದರೋ ಅಭ್ಯಾಸಿಗಳಲ್ಲಿ ವಾರಗಟ್ಟಲೆ ಉಳಿಯುತ್ತದೆ. ಆದಕಾರಣ ಮೊದಲ ಪರೀಕ್ಷೆಯಲ್ಲಿ ದೋಷ ಕಂಡರೆ ಹೆಚ್ಚು ನಿಖರವಾದ ಎರಡನೆಯ ವಿಧಾನದಿಂದ ದೃಢಪಡಿಸಿ, ವೈದ್ಯರು ಬರೆದುಕೊಟ್ಟ ಔಷಧಿಗಳ ವಿವರ ಕೇಳಿದ ಬಳಿಕವೇ ತೀರ್ಮಾನಕ್ಕೆ ಬರತಕ್ಕದ್ದು.

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ವಿಭಾಗ ತರಬೇತಿ ವೈದ್ಯರಿಗೆ ಮುನ್ಸೂಚನೆಯಿಲ್ಲದ ಪರೀಕ್ಷೆಯನ್ನು ನಡೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ವ್ಯಸನದ ಹೊಸ ಪ್ರಕರಣಗಳು ಕಾಣಲಿಲ್ಲವಾದರೂ ಸಂಖ್ಯೆ ಅಲ್ಪವಾದುದರಿಂದ ನಿಶ್ಚಿತ ತೀರ್ಮಾನ ದೊರೆಯಲಿಲ್ಲ. ಆಸ್ಪತ್ರೆಯ ವೈದ್ಯರೆಲ್ಲರಿಗೂ ಇಂಥ ಪರೀಕ್ಷೆ ಬೇಕೆಂಬ ಅಂಶವನ್ನೊಳಗೊಂಡ ಪ್ರಸ್ತಾಪವನ್ನು ಕ್ಯಾಲಿಫೋರ್ನಿಯದ ಮತದಾರರು 2014ರಲ್ಲಿ ತಿರಸ್ಕರಿಸಿದರು. ಇವೆಲ್ಲಕ್ಕಿಂತ ಆಶಾದಾಯಕವಾದುದು ಚಿಕಿತ್ಸೆಯ ಫಲ. ವ್ಯಸನದಿಂದ ಬಳಲಿದ 802 ವೈದ್ಯರನ್ನು ಚಿಕಿತ್ಸೆ ಹಾಗೂ ನಿರಂತರ ಪರೀಕ್ಷೆಗಳ ಜೊತೆಗೆ ಐದು ವರ್ಷ ಗಮನಿಸಿದಾಗ 631 ಮಂದಿ ಪರವಾನಗಿ ಉಳಿಸಿಕೊಂಡು ವೃತ್ತಿಯಲ್ಲಿದ್ದರೆಂದು 2008ರ ವರದಿ ತಿಳಿಸುತ್ತದೆ. ಇಲ್ಲಿ ಪರೀಕ್ಷೆ ದಂಡದ ಕೋಲಾಗದೆ ಊರುಗೋಲಾಯಿತು.

ಆದುದರಿಂದ ರೋಗಿಯ ಸನಿಹ ನಿಲ್ಲುವ ವಿದ್ಯಾರ್ಥಿಯು ಪರೀಕ್ಷೆಗೆ ಒಪ್ಪುವುದು ನ್ಯಾಯ. ಆದರೆ ಫಲಿತಾಂಶ ಗುಟ್ಟಾಗಿರಬೇಕು, ಅಧ್ಯಾಪಕರೂ ಅದೇ ನಿಯಮಕ್ಕೆ ಒಳಪಡಬೇಕು, ಎಡವಿದವನಿಗೆ ಚಿಕಿತ್ಸೆ ಪಡೆದು ಮರಳುವ ದಾರಿ ತೆರೆದಿರಬೇಕು. ಮನೆಯ ಹಿರಿಯರ ಕರ್ತವ್ಯವೂ ಇಲ್ಲಿದೆ. ಅಂಕಗಳನ್ನಷ್ಟೇ ವಿಚಾರಿಸದೆ ನಿದ್ರೆ, ಊಟ, ಮನಸ್ಸಿನ ಭಾರಗಳನ್ನೂ ಮಕ್ಕಳೊಡನೆ ಮಾತನಾಡಬೇಕು. ತಪ್ಪು ನಡೆದರೆ ಮನೆತನದ ಮಾನಕ್ಕಂಜಿ ಮುಚ್ಚಿಡಬಾರದು. ಮಗ ಅಥವಾ ಮಗಳು ಮೊದಲು ಬಂದು ಹೇಳಿಕೊಳ್ಳಬಹುದಾದ ಸ್ಥಳ ಮನೆಯಾದರೆ, ಕಾಯಿಲೆ ವಾರ್ಡನ್ನು ಮುಟ್ಟುವ ಮೊದಲೇ ಮದ್ದು ದೊರೆತೀತು.