ಸಿನಿಮಾ ನೋಡಲು ವಯಸ್ಸೆಷ್ಟಿರಬೇಕು?

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳನ್ನು ದಾಟಿ ಶೃಂಗೇರಿಯ ಕಡೆಗೆ ಹೋದರೆ ವೈಕುಂಠಪುರವೆಂಬ ಹಳ್ಳಿ ಸಿಗುತ್ತದೆ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ದ ಚಿತ್ರೀಕರಣ ನಡೆದದ್ದು ಅಲ್ಲಿ. ಮದ್ರಾಸಿನ ಸೆನ್ಸಾರ್ ಮಂಡಲಿ ಈ ಚಿತ್ರದ ಪ್ರದರ್ಶನಕ್ಕೆ ಮೊದಲು ಅನುಮತಿ ನಿರಾಕರಿಸಿತು. ಆಕ್ಷೇಪವಿದ್ದದ್ದು ಜಾತಿಯ ಚಿತ್ರಣದ ಬಗ್ಗೆ. ಮಕ್ಕಳ ವಯಸ್ಸಿನ ಬಗ್ಗೆ ಅಲ್ಲ. ಬಳಿಕ ಕೇಂದ್ರ ಸರ್ಕಾರ ತಡೆಯನ್ನು ತೆರವುಗೊಳಿಸಿತು. 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಬಂತು!

ಸೆನ್ಸಾರ್ ಎಂದೊಡನೆ ನಮಗೆ ನೆನಪಾಗುವುದು ಇಂಥ ತಡೆ ಮತ್ತು ಕತ್ತರಿ. ಆದರೆ ಮಂಡಲಿಗೆ ಇನ್ನೊಂದು ಕೆಲಸವಿದೆ. ಯಾವ ಚಿತ್ರ ಯಾವ ವಯಸ್ಸಿನವರಿಗೆ ಎಂದು ಹೇಳುವುದು. ಕೆ. ಎ. ಅಬ್ಬಾಸ್ ಅವರ ಮೊಕದ್ದಮೆಯಲ್ಲಿ 1970ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಚಲಿಸುವ ಚಿತ್ರ ಬೇರೆ ಕಲೆಗಳಿಗಿಂತ ಆಳವಾಗಿ ಮನಸ್ಸನ್ನು ಕಲಕುತ್ತದೆಂದು ಗಮನಿಸಿ, ವಯಸ್ಸಿನ ವಿಂಗಡಣೆಯನ್ನು ಎತ್ತಿಹಿಡಿಯಿತು. ಕಂಡದ್ದೆಲ್ಲ ನಿಜವೆಂದು ನಂಬುವ ಮಗುವಿನ ವಿಷಯದಲ್ಲಿ ಇದು ಒಪ್ಪತಕ್ಕ ಮಾತೇ.

1983ರವರೆಗೆ ಇದ್ದದ್ದು ಎರಡೇ ದರ್ಜೆ: ಎಲ್ಲರಿಗೂ ‘ಯು’, ಹದಿನೆಂಟು ತುಂಬಿದವರಿಗೆ ‘ಎ’. ಆ ವರ್ಷ ‘ಯುಎ’ ಸೇರಿತು. ಜೊತೆಗೆ, ವೈದ್ಯರಂಥ ನಿರ್ದಿಷ್ಟ ವರ್ಗದವರಿಗಾಗಿ ‘ಎಸ್’ ಬಂತು. ಯುಎ ಎಂದರೆ ಹನ್ನೆರಡರೊಳಗಿನ ಮಕ್ಕಳಿಗೆ ತೋರಿಸಬೇಕೇ ಬೇಡವೇ ಎಂಬುದನ್ನು ಹೆತ್ತವರು ಯೋಚಿಸಲಿ ಎಂದರ್ಥ. ಆರರ ಮಗುವಿಗೂ ಹನ್ನೊಂದರ ಹುಡುಗನಿಗೂ ಒಂದೇ ಅಳತೆಯ ಅಂಗಿ ಹೊಲಿದ ಹಾಗಿತ್ತು ಇದು. 2023ರ ತಿದ್ದುಪಡಿ ಅದನ್ನು 7, 13 ಮತ್ತು 16 ವರ್ಷಗಳ ಮೂರು ಹಂತಗಳಾಗಿ ಒಡೆಯಿತು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ‘ಎ’ ಚಿತ್ರಕ್ಕೆ ಹದಿನೆಂಟರೊಳಗಿನವರನ್ನು ಬಿಟ್ಟರೆ ಚಿತ್ರಮಂದಿರದವರಿಗೆ ಶಿಕ್ಷೆಯುಂಟು. ಆದರೆ ಯುಎ ಚಿತ್ರಕ್ಕೆ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, ನಿರ್ಧಾರ ತಂದೆತಾಯಿಯದು. ಟಿಕೆಟ್ ಕೊಳ್ಳುವ ಮೊದಲು ಪೋಸ್ಟರಿನ ಮೂಲೆಯ ಆ ಅಕ್ಷರಗಳನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ?

ದೂರದರ್ಶನದಲ್ಲಿ ‘ಎ’ ಚಿತ್ರವನ್ನು ಇದ್ದ ಹಾಗೆಯೇ ತೋರಿಸುವಂತಿಲ್ಲ. ಅಗತ್ಯ ಬದಲಾವಣೆ ಮಾಡಿ ಬೇರೆ ಪ್ರಮಾಣಪತ್ರ ಪಡೆಯಬೇಕು. ಮೊಬೈಲಿನ ಚಿತ್ರತಾಣಗಳದ್ದು ಬೇರೆಯೇ ಕಥೆ. 2021ರ ನಿಯಮದಂತೆ ತಮ್ಮ ಸರಣಿಗಳಿಗೆ ಅವರೇ ದರ್ಜೆ ಹಾಕಿಕೊಳ್ಳುತ್ತಾರೆ. 13 ವರ್ಷ ಮತ್ತು ಮೇಲಿನ ದರ್ಜೆಯವಕ್ಕೆ ಬೀಗ ಹಾಕುವ ಸೌಲಭ್ಯ ಕೊಡಲೇಬೇಕು. ಆದರೆ ಆ ಬೀಗ ತಾನಾಗಿ ಬೀಳುವುದಿಲ್ಲ. ಮೂಡಿಗೆರೆಯಲ್ಲಾಗಲಿ, ಕಳಸದಲ್ಲಾಗಲಿ, ಹಗಲೆಲ್ಲ ತೋಟದಲ್ಲಿ ದುಡಿದು ಬಂದ ತಾಯಿ ಫೋನನ್ನು ಮಗನ ಕೈಗೆ ಕೊಡುವ ಮೊದಲು ಅದನ್ನು ತಾನೇ ಹಾಕಬೇಕಾಗುತ್ತದೆ.